ಉದ್ದ ಕೋಲಿನ ಜೋಳಿಗೆ

ಪೇಟೆಯ ಬೀದಿಯಲ್ಲಿ ಡಬ್ಬಿ ಹಿಡಿದು ನಿಂತು, ಹೋಗಿಬರುವವರಿಂದ ಚಿಲ್ಲರೆ ಕಾಸು ಕೇಳಿ ಒಂದು ಸೇವಾಸಂಸ್ಥೆಯನ್ನು ನಡೆಸುವುದು ಇವತ್ತು ಯಾರಿಗೂ ಹೊಸದಲ್ಲ. ಸುಮಾರು 130 ವರ್ಷಗಳ ಹಿಂದೆ ಅದು ಹೊಸದಾಗಿತ್ತು. ಆಗ ದಾನ ಎಂದರೆ ಉಳ್ಳವರ ಮನೆಯ ವಿಷಯ. ಅವರು ಚೆಕ್ ಬರೆಯುತ್ತಿದ್ದರು, ವಾರ್ಷಿಕ ವರದಿಯ ಕೊನೆಯ ಪುಟಗಳಲ್ಲಿ ಅವರ ಹೆಸರು ಅಚ್ಚಾಗುತ್ತಿತ್ತು. ದಿನಗೂಲಿಯವನ ಕಾಸನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1891ರ ಅಕ್ಟೋಬರ್ 10ರ ಶನಿವಾರ ಈ ಕ್ರಮ ಬದಲಾಯಿತು. ಬದಲಾಯಿಸಿದ್ದು 'ಲೈಫ್‌ಬೋಟ್ ಶನಿವಾರ' ಎಂಬ ನಿಧಿ. ಕಡಲಲ್ಲಿ ಸಿಕ್ಕಿಬಿದ್ದವರನ್ನು ದೋಣಿಯಲ್ಲಿ ಹೋಗಿ ಉಳಿಸುವ ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆ ತನ್ನ ಚರಿತ್ರೆಯಲ್ಲಿ ಆ ದಿನವನ್ನೇ ಮೊದಲ ಬೀದಿ ಸಂಗ್ರಹದ ದಿನವೆಂದು ಬರೆದುಕೊಳ್ಳುತ್ತದೆ. ಲಂಡನ್ನಿನ ಆಸ್ಪತ್ರೆಗಳಿಗಾಗಿ ಶನಿವಾರದ ವಂತಿಗೆ ಎತ್ತುವ ನಿಧಿ 1870ರ ದಶಕದಲ್ಲೇ ಇತ್ತು, ಹಾಗಾಗಿ 'ಮೊದಲು' ಎಂಬ ಪಟ್ಟ ಯಾರಿಗೆ ಸಲ್ಲಬೇಕೆಂಬ ಬಗ್ಗೆ ನನಗೆ ಹಠವಿಲ್ಲ. ಆದರೆ ಒಂದು ಇಡೀ ಪಟ್ಟಣವನ್ನು ಒಂದೇ ಮಧ್ಯಾಹ್ನ ದಾನಿಯಾಗಿ ಮಾಡಿದ ಕೆಲಸ ಮ್ಯಾಂಚೆಸ್ಟರಿನದೇ.

ಆ ಶನಿವಾರ ಅರ್ಥವಾಗಬೇಕಾದರೆ ಐದು ವರ್ಷ ಹಿಂದಕ್ಕೆ, ಸಮುದ್ರದಂಚಿಗೆ ಹೋಗಬೇಕು.

ಮ್ಯಾಂಚೆಸ್ಟರಿನಿಂದ ವಾಯವ್ಯಕ್ಕೆ ರಿಬಲ್ ನದಿ ಸಮುದ್ರ ಸೇರುತ್ತದೆ. ಅಳಿವೆಯ ಉತ್ತರದ ದಡದಲ್ಲಿ ಲಿಥಮ್, ಸೇಂಟ್ ಆನ್ಸ್ ಎಂಬ ಊರುಗಳು, ದಕ್ಷಿಣಕ್ಕೆ ಸೌತ್‌ಪೋರ್ಟ್. ನಡುವೆ ಮೈಲುಗಟ್ಟಲೆ ಮರಳದಿಬ್ಬ. ಇಳಿತದಲ್ಲಿ ನಡೆದಾಡಬಹುದಾದ ಜಾಗ ಉಬ್ಬರದಲ್ಲಿ ಹಡಗು ನುಂಗುತ್ತದೆ. ನಮ್ಮ ಗಂಗೊಳ್ಳಿ, ಮಲ್ಪೆಯ ಮೀನುಗಾರರಿಗೆ ಅಳಿವೆಯ ಬಾಯಿ ಎಂದರೆ ಏನೆಂದು ವಿವರಿಸಬೇಕಿಲ್ಲ. ಈ ಮೂರೂ ಊರುಗಳಲ್ಲಿ ಒಂದೊಂದು ಲೈಫ್‌ಬೋಟ್ ಇತ್ತು. ಎಂಜಿನ್ನಿಲ್ಲದ ಕಾಲ, ಹುಟ್ಟು ಹಾಕಬೇಕು, ಗಾಳಿ ಒದಗಿದರೆ ಹಾಯಿ ಬಿಚ್ಚಬೇಕು. ದೋಣಿಯಲ್ಲಿ ಹೋಗುತ್ತಿದ್ದವರು ಅದೇ ಊರಿನ ಬೆಸ್ತರು. ಅವರು ಸಂಬಳದ ನೌಕರರಲ್ಲ. ಕರೆ ಬಂದಾಗ ಬಲೆ ಬಿಟ್ಟು ಬರಬೇಕು, ಹಗಲಲ್ಲಿ ಒಮ್ಮೆ ಹೋಗಿಬಂದರೆ ಸುಮಾರು 10 ಶಿಲ್ಲಿಂಗ್, ರಾತ್ರಿಯಾದರೆ ಒಂದು ಪೌಂಡ್. ಅಷ್ಟೇ.

1886ರ ಡಿಸೆಂಬರ್ 9, ಗುರುವಾರ. ಹ್ಯಾಂಬರ್ಗಿನ 'ಮೆಕ್ಸಿಕೊ' ಎಂಬ ಹಾಯಿಹಡಗು ಲಿವರ್‌ಪೂಲಿನಿಂದ ದಕ್ಷಿಣ ಅಮೆರಿಕದ ಗ್ವಾಯಕಿಲ್ ಬಂದರಿಗೆ ಹೊರಟಿದ್ದದ್ದು ಬಿರುಗಾಳಿಗೆ ಸಿಕ್ಕಿ ಸೌತ್‌ಪೋರ್ಟಿನ ಎದುರಿನ ಮರಳದಿಬ್ಬಕ್ಕೆ ಬಡಿದು ಕೂತಿತು. ಹಡಗಿನಲ್ಲಿ ಹನ್ನೆರಡು ಜನ. ತೆರೆ ಕೊಚ್ಚಿಕೊಂಡು ಹೋಗದಿರಲೆಂದು ಅವರು ಹಗ್ಗಗಳಿಗೆ ತಮ್ಮನ್ನು ತಾವೇ ಬಿಗಿದುಕೊಂಡಿದ್ದರು. ಅಪಾಯದ ಬೆಳಕು ಮೂರೂ ಊರುಗಳಿಗೆ ಕಾಣಿಸಿತು. ಮೂರೂ ಊರುಗಳಿಂದ ದೋಣಿ ಹೊರಟವು.

ಲಿಥಮ್‌ನ ದೋಣಿ ಹೊಚ್ಚ ಹೊಸದು, ಅದರ ಮೊದಲ ಕರೆ ಅದು. ರಾತ್ರಿ ಹನ್ನೆರಡು ದಾಟುವ ಹೊತ್ತಿಗೆ ಹಡಗನ್ನು ಮುಟ್ಟಿ ಹನ್ನೆರಡೂ ಜನರನ್ನು ಇಳಿಸಿಕೊಂಡು ಬೆಳಗಿನ ಜಾವ ಊರಿಗೆ ತಂದು ಬಿಟ್ಟಿತು. ಆ ದೋಣಿಯವರಿಗೆ ಉಳಿದೆರಡು ದೋಣಿಗಳ ಗತಿ ಗೊತ್ತಿರಲಿಲ್ಲ. ಸೌತ್‌ಪೋರ್ಟಿನವರು ತಮ್ಮ ದೋಣಿಯನ್ನು ಕುದುರೆ ಕಟ್ಟಿ ಮೂರು ಮೈಲಿಗೂ ಹೆಚ್ಚು ದೂರ ಮರಳಿನ ಮೇಲೆ ಎಳೆದೊಯ್ದು, ಗಾಳಿಗೆ ಅನುಕೂಲವಾದ ಜಾಗದಿಂದ ನೀರಿಗಿಳಿಸಿದರು. ಹಡಗು ಇನ್ನು ಕೈಗೆಟುಕುತ್ತದೆ ಎನ್ನುವಷ್ಟು ಹತ್ತಿರ ಹೋದಾಗ ಒಂದು ದೊಡ್ಡ ತೆರೆ ದೋಣಿಯನ್ನು ಮಗುಚಿ ಹಾಕಿತು. ಮಗುಚಿದರೂ ತಾನಾಗಿ ಎದ್ದು ನಿಲ್ಲಬೇಕಾದ ಮಾದರಿಯ ದೋಣಿ ಅದು. ಏಳಲಿಲ್ಲ. ಹದಿನಾರು ಜನರಲ್ಲಿ ಇಬ್ಬರು ಮಾತ್ರ ದಡ ಸೇರಿದರು. ಸೇಂಟ್ ಆನ್ಸ್‌ನ ದೋಣಿಗೆ ಏನಾಯಿತೆಂದು ಹೇಳುವವರೇ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಅದು ದಡದಲ್ಲಿ ಕವುಚಿ ಬಿದ್ದಿತ್ತು, ಒಳಗೆ ಮೂವರ ದೇಹ ಸಿಕ್ಕಿಕೊಂಡಿದ್ದವು. ಹದಿಮೂರು ಜನರೂ ಹೋಗಿದ್ದರು.

ಒಟ್ಟು 27 ಜನ. ಬ್ರಿಟನ್ನಿನ ಲೈಫ್‌ಬೋಟ್ ಸೇವೆಯ ಚರಿತ್ರೆಯಲ್ಲಿ ಒಂದೇ ಘಟನೆಯಲ್ಲಿ ಇಷ್ಟು ರಕ್ಷಕರು ಸತ್ತದ್ದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಹಿಂದೆ ಉಳಿದವರು 16 ವಿಧವೆಯರು, ತಂದೆಯಿಲ್ಲದ 50 ಮಕ್ಕಳು. ಸೇಂಟ್ ಆನ್ಸ್ ಆಗಿನ್ನೂ ಹೊಸದಾಗಿ ಕಟ್ಟುತ್ತಿದ್ದ ಸಣ್ಣ ಊರು. ಅಲ್ಲಿ ಹದಿಮೂರು ಗಂಡಸರು ಒಂದೇ ರಾತ್ರಿ ಹೋದರೆ ಯಾವ ಬೀದಿಗೆ ಹೋದರೂ ಒಂದು ಮನೆಯ ಬಾಗಿಲು ಮುಚ್ಚಿರುತ್ತದೆ.

ಹಣ ಬಂತು, ಹೊಳೆಯಾಗಿ ಬಂತು. ವಿಕ್ಟೋರಿಯಾ ರಾಣಿ ಕೊಟ್ಟಳು, ಜರ್ಮನ್ ಚಕ್ರವರ್ತಿ ಕೊಟ್ಟ, ಹ್ಯಾಂಬರ್ಗ್ ಬಂದರು ಕೊಟ್ಟಿತು, ಹೆಸರು ಬೇಡವೆಂದವರೂ ಕೊಟ್ಟರು. ಪರಿಹಾರ ನಿಧಿ 30,000 ಪೌಂಡ್ ದಾಟಿ ಬೆಳೆಯಿತು. ದಿನಕ್ಕೆ ಕೆಲವೇ ಶಿಲ್ಲಿಂಗ್ ದುಡಿಯುವವರಿದ್ದ ಕಾಲದಲ್ಲಿ ಅದು ಭಾರಿ ಮೊತ್ತ. ಆ ಕುಟುಂಬಗಳು ಬೀದಿಪಾಲಾಗಲಿಲ್ಲ. ಊರಿನ ಸಮುದ್ರದಂಡೆಯಲ್ಲಿ ಕಲ್ಲಿನ ಲೈಫ್‌ಬೋಟ್‌ಗಾರನೊಬ್ಬನನ್ನು 1888ರಲ್ಲಿ ನಿಲ್ಲಿಸಿದರು. ಆ ಪ್ರತಿಮೆ ಇವತ್ತೂ ಅಲ್ಲೇ ಇದೆ.

ನನ್ನನ್ನು ಕಾಡುವುದು ಇದರ ಮುಂದಿನ ಮಾತು. ವಿಧವೆಯರಿಗೆ ಸಾವಿರಗಟ್ಟಲೆ ಪೌಂಡ್ ಸುರಿದ ಅದೇ ನಾಡಿನಲ್ಲಿ, ವಿಧವೆಯರಾಗದಂತೆ ತಡೆಯಬಲ್ಲ ಗಟ್ಟಿ ದೋಣಿಗೆ ದುಡ್ಡಿರಲಿಲ್ಲ. ಸಾವಿನ ಸುದ್ದಿಗೆ ಬರುವ ಕಣ್ಣೀರಿನ ಜೊತೆ ಬರುವ ಕಾಸು ಬೇರೆ, ಏನೂ ಆಗದ ಒಂದು ಮಾಮೂಲು ವಾರದಲ್ಲಿ ಬರಬೇಕಾದ ಕಾಸು ಬೇರೆ. ಮೊದಲನೆಯದು ತಾನಾಗಿ ಬರುತ್ತದೆ. ಎರಡನೆಯದನ್ನು ಯಾರಾದರೂ ತರಬೇಕು. ನಿಧಿ ಸಂಗ್ರಹಿಸುವ ಸಂಸ್ಥೆ ಎಂದು ಒಂದು ಇರಬೇಕಾದದ್ದೇ ಈ ಎರಡನೆಯದಕ್ಕೆ.

ಬ್ರಿಟನ್ನಿನ ಲೈಫ್‌ಬೋಟ್ ಸೇವೆ ಸರ್ಕಾರದ್ದಲ್ಲ, ಈಗಲೂ ಅಲ್ಲ. ಸರ್ ವಿಲಿಯಂ ಹಿಲರಿ ಎಂಬಾತ ಐಲ್ ಆಫ್ ಮ್ಯಾನ್ ದ್ವೀಪದ ದಡದಲ್ಲಿ ಹಡಗುಗಳು ಒಡೆಯುವುದನ್ನು ಕಂಡು, ತಾನೇ ದೋಣಿ ಹತ್ತಿ ಜನರನ್ನು ಎಳೆದು ತಂದವನು. ಅವನ ಒತ್ತಾಯದಿಂದ 1824ರ ಮಾರ್ಚಿನಲ್ಲಿ ಲಂಡನ್ನಿನ ಒಂದು ಹೋಟೆಲಿನಲ್ಲಿ ಸಭೆ ಸೇರಿ ಈ ಸಂಸ್ಥೆ ಹುಟ್ಟಿತು. ಮೊದಲ ವರ್ಷ ಸುಮಾರು 10,000 ಪೌಂಡ್ ಕೂಡಿತು, ಆಮೇಲೆ ಉತ್ಸಾಹ ಇಳಿಯಿತು. 1854ರಿಂದ 1869ರವರೆಗೆ ಸರ್ಕಾರದ ನೆರವನ್ನೂ ಪಡೆದರು. ಸರ್ಕಾರದ ಹಣದ ಬೆನ್ನಿಗೆ ಸರ್ಕಾರದ ಕಾಗದಪತ್ರವೂ ಬಂತು. ಕೊನೆಗೆ ಅದನ್ನು ಬಿಟ್ಟು ಪೂರ್ತಿ ದಾನದ ಮೇಲೆ ನಿಂತರು.

ದಾನ ಎಂದರೆ ಯಾರದು? ದೋಣಿಗಳ ಹೆಸರು ನೋಡಿದರೆ ತಿಳಿಯುತ್ತದೆ. ಆ ರಾತ್ರಿ ಹೊರಟ ಮೂರು ದೋಣಿಗಳ ಹೆಸರು 'ಎಲೈಜಾ ಫರ್ನ್‌ಲಿ', 'ಲಾರಾ ಜೇನೆಟ್', 'ಚಾರ್ಲ್ಸ್ ಬಿಗ್ಸ್'. ದೋಣಿಗೆ ಹಣ ಕೊಟ್ಟವರು ತಮ್ಮವರ ಹೆಸರಿಡುವುದು ಪದ್ಧತಿ. ತೀರಿಹೋದ ಹೆಂಡತಿ, ಮಗಳು, ಅಣ್ಣ, ಹೀಗೆ. ಅದರಲ್ಲಿ ತಪ್ಪೇನಿಲ್ಲ, ನಮ್ಮಲ್ಲೂ ಛತ್ರಕ್ಕೆ, ಶಾಲೆಯ ಕೋಣೆಗೆ ಹಾಗೆಯೇ ಹೆಸರು ಬರೆಸುತ್ತಾರೆ. ಆದರೆ ಹೆಸರು ಒಂದು ಮನೆಯದು, ಹುಟ್ಟು ಹಿಡಿಯುವ ಕೈ ಇನ್ನೊಂದು ಮನೆಯದು, ಇವೆರಡರ ನಡುವೆ ಇರುವ ಲಕ್ಷಾಂತರ ಜನಕ್ಕೆ ಇದರಲ್ಲಿ ಪಾಲೇ ಇಲ್ಲ. ಪತ್ರಿಕೆಯೊಂದರ ಓದುಗರೆಲ್ಲ ಸೇರಿ 1866ರಲ್ಲಿ ದೋಣಿ ಕೊಡಿಸಿದ್ದುಂಟು. 'ಕ್ವಿವರ್' ಎಂಬ ಆ ಪತ್ರಿಕೆಯ ಹೆಸರೇ ದೋಣಿಗೂ ಬಂತು. ಅಂಥವು ಬೆರಳೆಣಿಕೆ.

ಇಲ್ಲಿ ಚಾರ್ಲ್ಸ್ ಮೆಕಾರಾ ಬರುತ್ತಾನೆ. 1845ರಲ್ಲಿ ಸ್ಕಾಟ್ಲೆಂಡಿನ ಹಳ್ಳಿಯೊಂದರ ಪಾದ್ರಿಯ ಮನೆಯಲ್ಲಿ ಹುಟ್ಟಿದವನು. ಹದಿನೇಳನೆಯ ವಯಸ್ಸಿನಲ್ಲಿ, 1862ರಲ್ಲಿ, ಹತ್ತಿ ವ್ಯಾಪಾರ ಕಲಿಯಲು ಮ್ಯಾಂಚೆಸ್ಟರಿಗೆ ಬಂದ. ಆ ವರ್ಷವನ್ನು ಕನ್ನಡ ಓದುಗರು ಸ್ವಲ್ಪ ಗಮನಿಸಬೇಕು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಹತ್ತಿ ಬರುವುದು ನಿಂತಿತ್ತು, ಮ್ಯಾಂಚೆಸ್ಟರಿನ ಸುತ್ತಮುತ್ತಲ ಗಿರಣಿಗಳು ಮುಚ್ಚಿ ಲಕ್ಷಾಂತರ ಕೂಲಿಗಳು ಗಂಜಿಗೆ ಸಾಲು ನಿಂತಿದ್ದರು. ಅಲ್ಲಿನ ವರ್ತಕರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಘಟ್ಟ ಇಳಿಸಿ ಕಾರವಾರದ ಹತ್ತಿರದ ಸದಾಶಿವಗಡದಲ್ಲಿ ಹಡಗಿಗೆ ತುಂಬಲು ಮ್ಯಾಂಚೆಸ್ಟರ್ ಕಾಟನ್ ಕಂಪನಿ ಯಂತ್ರಗಳನ್ನೇ ಕಳಿಸಿತು. ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದೂ ಅದೇ 1862ರಲ್ಲಿ. ಮೆಕಾರಾ ಕಾಲಿಟ್ಟದ್ದು ಹೀಗೆ ಹಸಿದಿದ್ದ ಮ್ಯಾಂಚೆಸ್ಟರಿಗೆ. ಚಂದಾ ಎತ್ತಿ ಗಂಜಿ ಹಾಕುವುದನ್ನು ಅವನು ಹುಡುಗನಾಗಿಯೇ ಕಂಡಿರಬೇಕು.

1880ರ ಹೊತ್ತಿಗೆ ಅವನು ಬ್ಯಾನರ್‌ಮನ್ ಎಂಬ ದೊಡ್ಡ ಹತ್ತಿ ಕಂಪನಿಯ ಆಡಳಿತ ಹೊತ್ತ ಪಾಲುದಾರ. ಮನೆ ಸೇಂಟ್ ಆನ್ಸ್‌ನಲ್ಲಿ. ಸತ್ತವರು ಅವನ ಊರಿನವರೇ. ಪರಿಹಾರದ ಕೆಲಸ ಮುಗಿದ ಮೇಲೆ ಅವನು ವ್ಯಾಪಾರಿಯ ಕಣ್ಣಿನಿಂದ ಲೈಫ್‌ಬೋಟ್ ಸಂಸ್ಥೆಯ ಲೆಕ್ಕ ನೋಡಿದ. ಖರ್ಚು ಆದಾಯವನ್ನು ಮೀರಿತ್ತು. ಅದಕ್ಕಿಂತ ಅವನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ಸಂಗತಿ: ಸಂಸ್ಥೆಗೆ ಬರುವ ಹಣದಲ್ಲಿ ಮೂರರಲ್ಲಿ ಎರಡು ಪಾಲು ಸುಮಾರು ನೂರು ಜನರಿಂದ ಬರುತ್ತಿತ್ತು. ಸಮುದ್ರದಿಂದ ಸುತ್ತುವರಿದ, ಸಮುದ್ರದ ವ್ಯಾಪಾರದಿಂದಲೇ ಬದುಕುವ ಒಂದು ದೇಶದ ರಕ್ಷಣಾ ಸೇವೆ ನೂರು ಮನೆಗಳ ಮರ್ಜಿಯ ಮೇಲೆ ನಿಂತಿತ್ತು. ಆ ನೂರರಲ್ಲಿ ಇಪ್ಪತ್ತು ಜನ ಒಂದು ವರ್ಷ ಬೇಡವೆಂದರೆ ದೋಣಿಗಳ ದುರಸ್ತಿ ನಿಲ್ಲುತ್ತದೆ.

ಮೆಕಾರಾ 1891ರಲ್ಲಿ ಪತ್ರಿಕೆಗಳಿಗೆ ಬರೆದ. ಲೈಫ್‌ಬೋಟ್ ಎಂಬುದು ಕರಾವಳಿಯವರ ಚಿಂತೆ ಮಾತ್ರ ಅಲ್ಲ, ಸಮುದ್ರ ಕಾಣದ ಕೈಗಾರಿಕಾ ಪಟ್ಟಣಗಳಿಗೂ ಅದರಲ್ಲಿ ಪಾಲಿದೆ ಎಂಬುದು ಅವನ ವಾದ. ಮ್ಯಾಂಚೆಸ್ಟರಿಗೆ ಬರುವ ಒಂದೊಂದು ಹತ್ತಿಯ ಹಿಂಡಿಗೆಯೂ ಯಾವುದೋ ನಾವಿಕನ ಕೈದಾಟಿ ಬಂದದ್ದು. ಹೋಗುವ ಬಟ್ಟೆಯೂ ಅಷ್ಟೇ. ಹಾಗಿರುವಾಗ ಆ ನಾವಿಕ ಮುಳುಗಿದರೆ ಎತ್ತುವ ಹೊಣೆ ಬೆಸ್ತರದ್ದು ಮಾತ್ರ ಹೇಗಾಗುತ್ತದೆ? ಇದು ಸರಳವಾದ ವಾದ, ಆದರೆ ದಾನವನ್ನು ಕರುಣೆಯ ಲೆಕ್ಕದಿಂದ ತೆಗೆದು ಋಣದ ಲೆಕ್ಕಕ್ಕೆ ಹಾಕುವ ವಾದ. ನನ್ನ ಮಟ್ಟಿಗೆ ಇಡೀ ಪ್ರಯತ್ನದ ಬೆನ್ನೆಲುಬು ಇದು.

ಶನಿವಾರವೇ ಏಕೆ? 1850ರ ಕಾರ್ಖಾನೆ ಕಾಯ್ದೆಯಿಂದ ಬಟ್ಟೆ ಗಿರಣಿಗಳಲ್ಲಿ ಶನಿವಾರ ಮಧ್ಯಾಹ್ನ ಕೆಲಸ ನಿಲ್ಲುತ್ತಿತ್ತು. ವಾರದ ಕೂಲಿ ಕೈಯಲ್ಲಿರುತ್ತದೆ, ಅರ್ಧ ದಿನದ ಬಿಡುವಿರುತ್ತದೆ, ಜನ ಪೇಟೆಗೆ ಬರುತ್ತಾರೆ. ಭಾನುವಾರ ಚರ್ಚಿನಲ್ಲಿ ತಟ್ಟೆ ಹಿಡಿದರೆ ಚರ್ಚಿಗೆ ಬಂದವರು ಮಾತ್ರ ಸಿಗುತ್ತಾರೆ. ಶನಿವಾರ ಬೀದಿಗೆ ಇಳಿದರೆ ಎಲ್ಲ ಪಂಗಡದವರೂ, ಯಾವ ಚರ್ಚಿಗೂ ಹೋಗದವರೂ ಸಿಗುತ್ತಾರೆ. ಬೀದಿಯನ್ನು ಆರಿಸಿಕೊಂಡದ್ದರಲ್ಲಿ ಆ ವಿವೇಕವಿತ್ತು.

ಅಕ್ಟೋಬರ್ 10ರಂದು ಮ್ಯಾಂಚೆಸ್ಟರ್ ಮತ್ತು ಪಕ್ಕದ ಸಾಲ್‌ಫರ್ಡ್ ಪಟ್ಟಣಗಳ ಬೀದಿಗಳಲ್ಲಿ ಮೆರವಣಿಗೆ ಹೊರಟಿತು. ಮುಂದೆ ಬ್ಯಾಂಡ್, ಅಲಂಕರಿಸಿದ ಬಂಡಿಗಳು. ನಡುವೆ ಚಕ್ರದ ಗಾಡಿಯ ಮೇಲೆ ನಿಜವಾದ ಲೈಫ್‌ಬೋಟ್‌ಗಳು. ಅದರಲ್ಲಿ ಕಾರ್ಕ್ ಅಂಗಿ ತೊಟ್ಟು ಕೂತ ನಿಜವಾದ ಬೆಸ್ತರು. ಕಾರ್ಕ್ ಅಂಗಿ ಎಂದರೆ ತೇಲುವ ಮರದ ತೊಗಟೆಯ ತುಂಡುಗಳನ್ನು ಸಾಲಾಗಿ ಪೋಣಿಸಿ ಎದೆಗೂ ಬೆನ್ನಿಗೂ ಕಟ್ಟುವ ಕವಚ. ಗಿರಣಿಯ ಹೊಗೆಯಲ್ಲಿ ಬೆಳೆದ ಮಕ್ಕಳು ಅದನ್ನು ಎಲ್ಲಿ ಕಾಣಬೇಕು! ಪತ್ರಿಕೆಯಲ್ಲಿ ಓದಿದ ಸಾವು ಈಗ ಕಣ್ಣೆದುರು, ಕೈಯಳತೆಯಲ್ಲಿ ಹಾದುಹೋಯಿತು. ನೋಡಲು ಬೀದಿಗಿಳಿದವರು 30,000ಕ್ಕೂ ಹೆಚ್ಚು. ಪಟ್ಟಣದ ದೊಡ್ಡ ವಿಹಾರ ಉದ್ಯಾನವಾದ ಬೆಲ್ ವ್ಯೂನ ಕೆರೆಯಲ್ಲಿ ದೋಣಿಗಳನ್ನು ನೀರಿಗಿಳಿಸಿ ತೋರಿಸಿದರು.

ಈಗ ಜೋಳಿಗೆ. ಮೆರವಣಿಗೆಯ ಎರಡೂ ಬದಿಯಲ್ಲಿ ಹಣ ಎತ್ತುವವರು ನಡೆದರು. ಕೆಲವರ ಕೈಯಲ್ಲಿ ಡಬ್ಬಿ, ಕೆಲವರ ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ಬಟ್ಟೆಯ ಚೀಲ. ಜನ ಬೀದಿಯಲ್ಲಿ ಮಾತ್ರ ಇರುವುದಿಲ್ಲ. ಮೊದಲ ಮಹಡಿಯ ಕಿಟಕಿಯಲ್ಲಿ ಅಂಗಡಿಯ ಗುಮಾಸ್ತರು ನಿಂತಿರುತ್ತಾರೆ, ಮನೆಯ ಹೆಂಗಸರು ಮಗುವನ್ನೆತ್ತಿಕೊಂಡು ಬಗ್ಗಿ ನೋಡುತ್ತಿರುತ್ತಾರೆ. ಕುದುರೆ ಟ್ರಾಮಿನ ತೆರೆದ ಮೇಲಂತಸ್ತಿನಲ್ಲಿ ಕೂತವರು ಇಳಿದು ಬರುವುದಿಲ್ಲ. ಕೋಲೆತ್ತಿದರೆ ಚೀಲ ಅವರ ಮುಂದೆಯೇ ಹೋಗಿ ನಿಲ್ಲುತ್ತದೆ. ಮೇಲಿದ್ದವರು ಕಾಸು ಹಾಕುತ್ತಾರೆ, ಕೋಲು ಇಳಿಯುತ್ತದೆ, ಮುಂದಿನ ಕಿಟಕಿ. ನಿಧಿ ಸಂಗ್ರಹದ ಬಗ್ಗೆ ಎಷ್ಟು ಸಿದ್ಧಾಂತ ಬರೆದರೂ ಈ ಕೋಲಿನಷ್ಟು ಸ್ಪಷ್ಟವಾಗಿ ಯಾವುದೂ ಹೇಳಲಾರದು: ಕೊಡುವ ಮನಸ್ಸು ಇರುವವರು ಬಹಳ ಜನ, ಅವರ ಕೈಗೆ ಎಟುಕುವ ಹಾಗೆ ಚೀಲ ಹಿಡಿಯುವವರು ಕಡಿಮೆ.

ಸಂಜೆಯ ಹೊತ್ತಿಗೆ ಕೂಡಿದ್ದು 5,000 ಪೌಂಡಿಗೂ ಹೆಚ್ಚು. ಆಗಿನ ಲೆಕ್ಕದಲ್ಲಿ ಒಂದು ಪೌಂಡಿಗೆ 240 ಪೆನ್ನಿ. ಎಲ್ಲವೂ ಪೆನ್ನಿಯಲ್ಲೇ ಬಂದಿದ್ದರೆ 12 ಲಕ್ಷ ನಾಣ್ಯ ಆಗುತ್ತಿತ್ತು. ಶಿಲ್ಲಿಂಗ್ ಹಾಕಿದವರು, ಚಿನ್ನದ ನಾಣ್ಯ ಹಾಕಿದವರೂ ಇದ್ದರು, ಆದರೂ ರಾತ್ರಿ ಕೂತು ಎಣಿಸಿದವರ ಮೇಜಿನ ಮೇಲೆ ಹೆಚ್ಚಾಗಿ ಬಿದ್ದದ್ದು ತಾಮ್ರವೇ ಇರಬೇಕು. ಮ್ಯಾಂಚೆಸ್ಟರಿನ ಆಗಿನ ಜನಸಂಖ್ಯೆ ಸುಮಾರು 5 ಲಕ್ಷ.

ಈ ಕಥೆಯಲ್ಲಿ ಮೆಕಾರಾನ ಹೆಸರು ಮುಂದೆ ಬಂದು ಇನ್ನೊಬ್ಬರ ಹೆಸರು ಹಿಂದಾಗುತ್ತದೆ. ಅವನ ಹೆಂಡತಿ ಮೇರಿಯನ್ ಮೆಕಾರಾ. ಒಂದು ದಿನದ ಸಂಭ್ರಮ ಒಂದು ವರ್ಷದ ಕೆಲಸವಾಗಬೇಕಾದರೆ ಏನು ಬೇಕೆಂದು ಆಕೆಗೆ ಗೊತ್ತಿತ್ತು. ಮ್ಯಾಂಚೆಸ್ಟರ್ ಮತ್ತು ಸಾಲ್‌ಫರ್ಡ್ ಹೆಂಗಸರನ್ನು ಸೇರಿಸಿ ಲೈಫ್‌ಬೋಟ್ ಮಹಿಳಾ ಸಂಘವನ್ನು ಕಟ್ಟಿದರು. ಆ ಬಗೆಯ ಸಂಘಗಳಲ್ಲಿ ಅದು ಮೊದಲನೆಯದು. ಬೀದಿ ಹಂಚಿಕೊಳ್ಳುವುದು, ಯಾವ ಮನೆಗೆ ಯಾರು ಹೋಗಬೇಕೆಂದು ಗೊತ್ತುಮಾಡುವುದು, ಡಬ್ಬಿಗೆ ಅಂಕಿ ಹಾಕುವುದು, ಬಂದ ಹಣವನ್ನು ಇಬ್ಬರು ಎಣಿಸಿ ಬರೆದಿಡುವುದು, ಕೊಟ್ಟವರನ್ನು ಮುಂದಿನ ವರ್ಷ ಮತ್ತೆ ಹೋಗಿ ಮಾತಾಡಿಸುವುದು: ನಿಧಿ ಸಂಗ್ರಹ ಎಂದರೆ ಎಂದೂ ಎಲ್ಲೂ ಇಂಥ ಕೆಲಸವೇ. ಇದಕ್ಕೆ ಬ್ಯಾಂಡ್ ಇಲ್ಲ, ಮೆರವಣಿಗೆ ಇಲ್ಲ. ಬ್ರಿಟನ್ನಿನ ಹೆಂಗಸರಿಗೆ ಪಾರ್ಲಿಮೆಂಟಿನ ಮತದಾನದ ಹಕ್ಕು ಬರಲು ಆಗ ಇನ್ನೂ 27 ವರ್ಷ ಇತ್ತು. ಓಟು ಹಾಕುವಂತಿಲ್ಲದ ಹೆಂಗಸರು ಬೀದಿಗೆ ಬಂದು ಅಪರಿಚಿತ ಗಂಡಸರನ್ನು ನಿಲ್ಲಿಸಿ ಸಾರ್ವಜನಿಕ ಕೆಲಸಕ್ಕೆ ದುಡ್ಡು ಕೇಳಿದರು. ಮನೆಯ ಹೊರಗೆ ನಿಂತು ಲೆಕ್ಕ ಒಪ್ಪಿಸಿದರು. ಲೈಫ್‌ಬೋಟ್ ಸೇವೆ ಉಳಿದದ್ದರಲ್ಲಿ ಬೆಸ್ತರ ಧೈರ್ಯಕ್ಕೆ ಎಷ್ಟು ಪಾಲಿದೆಯೋ ಈ ಹೆಂಗಸರ ಕಾಲ್ನಡಿಗೆಗೂ ಅಷ್ಟೇ ಪಾಲಿದೆ ಎಂದು ನಾನು ನಂಬುತ್ತೇನೆ.

ಲೈಫ್‌ಬೋಟ್ ಶನಿವಾರ ಒಂದೆರಡು ವರ್ಷದಲ್ಲೇ ಬೇರೆ ಬೇರೆ ಪಟ್ಟಣಗಳಿಗೆ ಹಬ್ಬಿತು, ಲಂಡನ್ನಿಗೂ ಹೋಯಿತು. ಸಮುದ್ರದಿಂದ ದೂರವಿರುವ ಗಿರಣಿ ಊರುಗಳು, ಗಣಿ ಊರುಗಳು ತಮ್ಮ ತಮ್ಮ ಶನಿವಾರ ಗೊತ್ತುಮಾಡಿಕೊಂಡವು. ಅದು ತನ್ನದೇ ಸಮಿತಿಗಳಿರುವ, ತನ್ನದೇ ಕಾರ್ಯದರ್ಶಿಗಳಿರುವ ನಿಧಿಯಾಗಿ ಬೆಳೆಯಿತು.

ಬೆಳೆದ ಮೇಲೆ ತಿಕ್ಕಾಟವೂ ಬಂತು. ಹಣ ಎತ್ತುವವರು ಒಬ್ಬರು, ಖರ್ಚು ಮಾಡುವವರು ಇನ್ನೊಬ್ಬರು ಎಂದಾದ ಕಡೆಯೆಲ್ಲ ಇದು ಇದ್ದದ್ದೇ. ಮೆರವಣಿಗೆಗೆ ಎಷ್ಟು ಖರ್ಚು, ಸಂಸ್ಥೆಗೆ ಸೇರಿದ್ದೆಷ್ಟು, ತೀರ್ಮಾನದಲ್ಲಿ ಊರಿನ ಸಮಿತಿಗಳ ಮಾತಿಗೆ ಬೆಲೆ ಎಷ್ಟು, ಇವೆಲ್ಲ ಎದ್ದವು. ಲೈಫ್‌ಬೋಟ್ ಸಂಸ್ಥೆಯ ಆಡಳಿತದ ಮೇಲಿನ ದೂರುಗಳನ್ನು ವಿಚಾರಿಸಲು 1897ರಲ್ಲಿ ಪಾರ್ಲಿಮೆಂಟಿನ ಆಯ್ಕೆ ಸಮಿತಿಯೇ ಕೂತಿತು. ದೂರುಗಳಲ್ಲಿ ಹೆಚ್ಚಿನವು ನಿಲ್ಲಲಿಲ್ಲ. ಆದರೆ ಆ ವಿಚಾರಣೆ ನಡೆದದ್ದೇ ಒಳ್ಳೆಯದಾಯಿತೆಂದು ನನಗನಿಸುತ್ತದೆ. ನೂರು ಜನ ಕೊಡುತ್ತಿದ್ದಾಗ ನೂರು ಜನಕ್ಕೆ ಲೆಕ್ಕ ಹೇಳಿದರೆ ಸಾಕಿತ್ತು. ಬೀದಿಯವರು ಕೊಟ್ಟ ಮೇಲೆ ಬೀದಿಯವರೂ ಕೇಳುತ್ತಾರೆ. ಒಂದು ಪೆನ್ನಿ ಕೊಟ್ಟವನಿಗೂ ಕೇಳುವ ಹಕ್ಕು ಬಂತು.

ಪೆನ್ನಿಯ ಮಾತು ಬಂತಾದ್ದರಿಂದ ಮೆಕಾರಾನ ಇನ್ನೊಂದು ಮುಖವನ್ನೂ ಹೇಳಬೇಕು. ಮ್ಯಾಂಚೆಸ್ಟರಿನ ಮೆರವಣಿಗೆ ನಡೆದ ಮರುವರ್ಷ, 1892ರ ನವೆಂಬರಿನಲ್ಲಿ, ಗಿರಣಿ ಮಾಲೀಕರು ಕೂಲಿ ಕಡಿತಕ್ಕಾಗಿ ಗಿರಣಿಗಳಿಗೆ ಬೀಗ ಹಾಕಿದರು. ಇಪ್ಪತ್ತು ವಾರ ಕೂಲಿಗಳು ಹೊರಗೇ ಉಳಿದರು. 1893ರ ಮಾರ್ಚಿನಲ್ಲಿ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ ಒಪ್ಪಂದವಾಯಿತು, ಕೂಲಿಯಲ್ಲಿ ಪೌಂಡಿಗೆ 7 ಪೆನ್ನಿ ಕಡಿತ. ಮಾಲೀಕರ ಪರವಾಗಿ ಆ ಮಾತುಕತೆಯಲ್ಲಿದ್ದವರಲ್ಲಿ ಮೆಕಾರಾ ಪ್ರಮುಖ. ಲೈಫ್‌ಬೋಟಿಗೆ ಪೆನ್ನಿ ಹಾಕಿದ ಕೈಗಳಿಂದಲೇ ಆ ಪೆನ್ನಿಗಳು ಹೋದದ್ದು. ಇದರಿಂದ ಅವನ ಲೈಫ್‌ಬೋಟ್ ಕೆಲಸ ಸುಳ್ಳಾಗುವುದಿಲ್ಲ. ಆದರೆ ಆ ಶನಿವಾರದ ದಾನಿಗಳು ಎಂಥವರು, ಅವರ ಒಂದು ಕಾಸಿನ ತೂಕ ಎಷ್ಟಿತ್ತು ಎಂಬುದನ್ನು ಇದು ತಿಳಿಸುತ್ತದೆ. ಅವನಿಗೆ 1911ರಲ್ಲಿ ಸರ್ ಪದವಿ ಬಂತು, 1929ರಲ್ಲಿ ತೀರಿಕೊಂಡ.

ಲೈಫ್‌ಬೋಟ್ ಶನಿವಾರ ನಿಧಿ 1910ರಲ್ಲಿ ಮಾತೃಸಂಸ್ಥೆಯಲ್ಲಿ ಸೇರಿಹೋಯಿತು. ಆದರೆ ಆ ವಿಧಾನ ಅಷ್ಟರಲ್ಲಿ ಎಲ್ಲರದಾಗಿತ್ತು. 1912ರ ಜೂನಿನಲ್ಲಿ ಅಲೆಕ್ಸಾಂಡ್ರಾ ರಾಣಿಯ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಆಸ್ಪತ್ರೆಗಳಿಗಾಗಿ ಕೈಯಲ್ಲಿ ಮಾಡಿದ ಗುಲಾಬಿ ಮಾರಿದರು. ಮೊದಲ ಮಹಾಯುದ್ಧ ಶುರುವಾದ ಮರುತಿಂಗಳೇ, 1914ರ ಸೆಪ್ಟೆಂಬರಿನಲ್ಲಿ, ಗ್ಲಾಸ್ಗೋದಲ್ಲಿ ಆಗ್ನೆಸ್ ಮಾರಿಸನ್ ಎಂಬಾಕೆ ಸೈನಿಕರ ಕುಟುಂಬಗಳಿಗಾಗಿ ಸಣ್ಣ ಸಣ್ಣ ಬಾವುಟಗಳನ್ನು ಮಾರಿಸಿದರು. ಕಾಸು ಹಾಕಿದವರ ಎದೆಗೆ ಗುಂಡುಸೂಜಿಯಿಂದ ಬಾವುಟ ಚುಚ್ಚುವುದು. ಇದರಲ್ಲಿ ಒಂದು ಜಾಣತನವಿದೆ. ಬಾವುಟ ಇದ್ದವರನ್ನು ಆ ದಿನ ಮತ್ತೆ ಯಾರೂ ಕೇಳುವುದಿಲ್ಲ. ಇಲ್ಲದವರಿಗೆ ತಾವಾಗಿಯೇ ಸಂಕೋಚವಾಗುತ್ತದೆ. ಯುದ್ಧದ ವರ್ಷಗಳಲ್ಲಿ ಬಾವುಟದ ದಿನಗಳು ಎಷ್ಟು ಹೆಚ್ಚಿದವೆಂದರೆ 1916ರಲ್ಲಿ ಬ್ರಿಟನ್ ಕಾನೂನು ತಂದು ಬೀದಿ ಸಂಗ್ರಹವನ್ನು ಪೊಲೀಸರ ನಿಯಮಗಳ ಅಡಿಗೆ ತಂದಿತು. 1921ರಿಂದ, ಯುದ್ಧದಲ್ಲಿ ಸತ್ತವರ ನೆನಪಿಗೆ ಎದೆಗೆ ಚುಚ್ಚಿಕೊಳ್ಳುವ ಪಾಪ್ಪಿ ಹೂವು ಬಂತು, ಆ ಹೂವಿನ ಜೊತೆ ನವೆಂಬರಿನ ಸಂಗ್ರಹ ಬ್ರಿಟಿಷ್ ಆಳ್ವಿಕೆಯ ಭಾರತಕ್ಕೂ ಬಂತು.

ಸ್ವಾತಂತ್ರ್ಯ ಬಂದ ಮೇಲೆ ಪಾಪ್ಪಿ ಹೂವಿನ ಜಾಗದಲ್ಲಿ ನಮ್ಮದೇ ಒಂದು ದಿನ ಬೇಕಾಯಿತು. ರಕ್ಷಣಾ ಸಚಿವರ ಸಮಿತಿ 1949ರ ಆಗಸ್ಟ್ 28ರಂದು ಡಿಸೆಂಬರ್ 7ನ್ನು ಗೊತ್ತುಮಾಡಿತು. ನಮ್ಮ ಶಾಲೆಗಳಿಗೂ ಸರ್ಕಾರಿ ಕಚೇರಿಗಳಿಗೂ ಬರುವ ಸಶಸ್ತ್ರ ಪಡೆಗಳ ಧ್ವಜ ದಿನ ಇದೇ. ಕೆಂಪು, ಕಡುನೀಲಿ, ತಿಳಿನೀಲಿ ಎಂಬ ಮೂರು ಪಟ್ಟೆಯ ಪುಟ್ಟ ಬಾವುಟ. ಕೆಂಪು ಭೂಸೇನೆಗೆ, ಕಡುನೀಲಿ ನೌಕಾಪಡೆಗೆ, ತಿಳಿನೀಲಿ ವಾಯುಪಡೆಗೆ. ಬಂದ ಹಣ ಯುದ್ಧದಲ್ಲಿ ಗಾಯಗೊಂಡವರಿಗೆ, ಹುತಾತ್ಮರ ಕುಟುಂಬಗಳಿಗೆ, ನಿವೃತ್ತ ಯೋಧರ ಪುನರ್ವಸತಿಗೆ. 1993ರಲ್ಲಿ ಬೇರೆ ಬೇರೆ ಕಲ್ಯಾಣ ನಿಧಿಗಳನ್ನು ಕೂಡಿಸಿ ಒಂದೇ ಧ್ವಜ ದಿನ ನಿಧಿ ಮಾಡಿದ್ದಾರೆ. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ. ಕೊಡಗು, ಬೆಳಗಾವಿಯ ಎಷ್ಟೋ ಮನೆಗಳಿಗೆ ಆ ಇಲಾಖೆಯ ಜಿಲ್ಲಾ ಕಚೇರಿ ಪರಿಚಿತ ವಿಳಾಸ.

ಇತ್ತ ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆಗೆ 2024ಕ್ಕೆ ಇನ್ನೂರು ತುಂಬಿತು. ಈವರೆಗೆ 1,40,000ಕ್ಕೂ ಹೆಚ್ಚು ಜೀವ ಉಳಿಸಿದೆ. ಈಗಲೂ ದೋಣಿ ಹತ್ತುವವರಲ್ಲಿ ಬಹುಪಾಲು ಸ್ವಯಂಸೇವಕರು. ಆದರೆ ಹಣದ ಮೂಲ ಮತ್ತೆ ಬದಲಾಗಿದೆ: ಹೆಚ್ಚಿನ ಪಾಲು ಬರುತ್ತಿರುವುದು ಜನ ತಮ್ಮ ಉಯಿಲಿನಲ್ಲಿ ಬರೆದಿಟ್ಟು ಹೋಗುವ ಹಣದಿಂದ. ಹತ್ತು ಬಾರಿ ದೋಣಿ ಹೊರಟರೆ ಆರು ಬಾರಿ ಹೊರಡುವುದು ತೀರಿಹೋದವರ ದುಡ್ಡಿನಿಂದ ಎಂದು ಸಂಸ್ಥೆಯೇ ಹೇಳುತ್ತದೆ. ಹಾಗೆ ಬರೆದಿಟ್ಟವರಲ್ಲಿ ಅನೇಕರು ಚಿಕ್ಕಂದಿನಲ್ಲಿ ಎಲ್ಲೋ ಒಂದು ಕಡಲತೀರದಲ್ಲಿ ದೋಣಿಯಾಕಾರದ ಡಬ್ಬಿಗೆ ಒಂದು ಕಾಸು ಹಾಕಿದವರಿರಬೇಕು. ಬೀದಿ ಸಂಗ್ರಹದಿಂದ ಬರುವ ಹಣ ದೊಡ್ಡದಲ್ಲ ಎಂದು ತಳ್ಳಿಹಾಕುವವರು ಈ ದಾರಿಯನ್ನು ಮರೆಯುತ್ತಾರೆ. ಡಬ್ಬಿಗೆ ಬಿದ್ದ ಕಾಸಿಗಿಂತ, ಇದು ನನ್ನದೂ ಕೆಲಸ ಎಂಬ ಅನಿಸಿಕೆ ಹೆಚ್ಚು ಕಾಲ ಬಾಳುತ್ತದೆ.

ನಮ್ಮ ಧ್ವಜ ದಿನದಲ್ಲಿ ಈ ಅನಿಸಿಕೆಯೇ ಸೊರಗುತ್ತಿದೆ ಎಂಬುದು ನನ್ನ ಆತಂಕ. ಎಷ್ಟೋ ಕಡೆ ಬಾವುಟಗಳು ಇಂತಿಷ್ಟೆಂದು ಹಂಚಿಕೆಯಾಗಿ ಬರುತ್ತವೆ, ಇಂತಿಷ್ಟು ಹಣ ವಾಪಸ್ ಕಟ್ಟಬೇಕೆಂದಾಗುತ್ತದೆ. ಮಗು ಮನೆಯಿಂದ ಹತ್ತು ರೂಪಾಯಿ ತಂದು ಕೊಡುತ್ತದೆ, ಸ್ಟಿಕರ್ ಅಂಗಿಗೆ ಅಂಟುತ್ತದೆ, ಮುಂದಿನ ಪೀರಿಯಡ್ ಶುರುವಾಗುತ್ತದೆ. ಮ್ಯಾಂಚೆಸ್ಟರಿನವರು ದೋಣಿಯನ್ನೂ ಬೆಸ್ತರನ್ನೂ ಬೀದಿಗೇ ತಂದು ತೋರಿಸಿ ಆಮೇಲೆ ಕಾಸು ಕೇಳಿದರು. ನಮ್ಮಲ್ಲಿ ಯಾವ ತಾಲ್ಲೂಕಿನಲ್ಲಿ ನಿವೃತ್ತ ಯೋಧರಿಲ್ಲ? ಡಿಸೆಂಬರ್ 7ರಂದು ಅಂಥ ಒಬ್ಬರು ಶಾಲೆಗೆ ಬಂದು ಸಿಯಾಚಿನ್‌ನಲ್ಲೋ ರಾಜಸ್ಥಾನದ ಗಡಿಯಲ್ಲೋ ಕಳೆದ ಒಂದು ರಾತ್ರಿಯ ಬಗ್ಗೆ ಹತ್ತು ನಿಮಿಷ ಮಾತಾಡಲಿ. ಹೋದ ವರ್ಷ ಜಿಲ್ಲೆಯಲ್ಲಿ ಕೂಡಿದ ಹಣ ಎಷ್ಟು, ಎಷ್ಟು ಮನೆಗಳಿಗೆ ಯಾವುದಕ್ಕೆ ಹೋಯಿತು ಎಂಬುದನ್ನು ಮೇಷ್ಟರು ಕಪ್ಪುಹಲಗೆಯ ಮೇಲೆ ಬರೆಯಲಿ. ಆಮೇಲೆ ಡಬ್ಬಿ ಬರಲಿ, ಮಕ್ಕಳು ಹತ್ತರ ಬದಲು ಎರಡೇ ರೂಪಾಯಿ ಹಾಕಿದರೂ ಸರಿ.